ಪಕ್ಕದೂರಿನ ಎದುರಾಳಿ: ಮೋರ್ಸ್ ಕಾಂಟೆಸ್ಟಿಗೆ ಇಳಿಯುವವರಿಗೆ ಒಂದು ಕೈಪಿಡಿ

ಪ್ರತಿ ವರ್ಷ ನವೆಂಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ನಮ್ಮ ಗಡಿಯಾರದ ಲೆಕ್ಕಕ್ಕೆ ಶನಿವಾರ ನಸುಕಿನ 5.30ಕ್ಕೆ, ಹವ್ಯಾಸಿ ರೇಡಿಯೊ ಲೋಕದ ಅತಿ ದೊಡ್ಡ ಮೋರ್ಸ್ ಸ್ಪರ್ಧೆಗಳಲ್ಲೊಂದು ಶುರುವಾಗುತ್ತದೆ. ಅದರ ಹೆಸರು ಸಿಕ್ಯೂ ವರ್ಲ್ಡ್ ವೈಡ್ ಡಿಎಕ್ಸ್ ಕಾಂಟೆಸ್ಟ್. 1948ರಿಂದ ನಡೆದುಬಂದಿರುವ ಈ ಆಟ 48 ತಾಸು ಬಿಡುವಿಲ್ಲದೆ ಸಾಗಿ ಸೋಮವಾರ ನಸುಕಿಗೆ ಮುಗಿಯುತ್ತದೆ. ಮುಗಿದ ಮೇಲೆ ಫಲಿತಾಂಶದ ಪಟ್ಟಿ ಬರುತ್ತದೆ. ಕೊಲ್ಹಾಪುರದಲ್ಲೋ ಇಚಲಕರಂಜಿಯಲ್ಲೋ ಮನೆಯ ಮಾಳಿಗೆಗೆ ತಂತಿ ಕಟ್ಟಿಕೊಂಡು ಆಡಿದ ಹೊಸಬ ಆ ಪಟ್ಟಿಯಲ್ಲಿ ತನ್ನ ಕರೆಸಂಕೇತ ಹುಡುಕುತ್ತ ಸಾಕಷ್ಟು ಕೆಳಗೆ ಇಳಿಯಬೇಕಾಗುತ್ತದೆ. ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಅವರು ಆಡಿದ್ದರಲ್ಲಿ ತಪ್ಪಿರುವುದಿಲ್ಲ, ತಮ್ಮನ್ನು ಅಳೆದುಕೊಂಡ ಕೋಲಿನಲ್ಲಿ ತಪ್ಪಿರುತ್ತದೆ. ಲೋಕದ ಪಟ್ಟಿ ನಿಮ್ಮ ಊರಿನ ಅಕ್ಷಾಂಶ ರೇಖಾಂಶವನ್ನು ಅಳೆಯುತ್ತದೆ, ನಿಮ್ಮ ಕಿವಿ ಮತ್ತು ಕೈಯನ್ನು ಅಳೆಯಬಲ್ಲವನು ಪಕ್ಕದೂರಿನ ಎದುರಾಳಿ ಮಾತ್ರ. ಆದ್ದರಿಂದ ಮೋರ್ಸ್ ಕಾಂಟೆಸ್ಟಿಗೆ ಇಳಿಯುವವರು ದುಬಾರಿ ಸೆಟ್ಟಿಗಿಂತ ಮೊದಲು ಒಬ್ಬ ಸ್ನೇಹಿತ ಎದುರಾಳಿಯನ್ನು ಹುಡುಕಿಕೊಳ್ಳಬೇಕು. ಹಾಗೇಕೆ, ಹುಡುಕಿಕೊಂಡ ಮೇಲೆ ಮಾಡಬೇಕಾದ್ದೇನು ಎಂಬುದೇ ಈ ಲೇಖನದ ವಿಷಯ.

ಮೊದಲು ಆಟದ ಪರಿಚಯ. ಕಾಂಟೆಸ್ಟಿನ ಒಂದು ಸಂಪರ್ಕದಲ್ಲಿ ಹರಟೆಗೆ ಜಾಗವಿಲ್ಲ. ಇಬ್ಬರೂ ಕರೆಸಂಕೇತ ಹೇಳಿಕೊಳ್ಳುತ್ತಾರೆ, ಒಂದು ಪುಟ್ಟ ಸಂಖ್ಯಾ ಸಂದೇಶ ಬದಲಾಯಿಸಿಕೊಳ್ಳುತ್ತಾರೆ, ಮುಂದಿನವರತ್ತ ಹೊರಳುತ್ತಾರೆ. ಸಿಕ್ಯೂ ವರ್ಲ್ಡ್ ವೈಡ್‌ನಲ್ಲಿ ಆ ಸಂದೇಶವೆಂದರೆ ಸಿಗ್ನಲ್ ವರದಿ ಮತ್ತು ವಲಯ ಸಂಖ್ಯೆ. ಭಾರತದ ಮುಖ್ಯ ಭೂಭಾಗ 22ನೇ ವಲಯದಲ್ಲಿದೆ. ವರದಿ ಸಾಮಾನ್ಯವಾಗಿ 599, ಸಮಯ ಉಳಿಸಲು 9ರ ಬದಲು ಎನ್ ಅಕ್ಷರ ಬಡಿದು ‘5ಎನ್‌ಎನ್ 22’ ಎಂದು ಮುಗಿಸುತ್ತಾರೆ. ಬೇರೆ ಖಂಡದ ನಿಲ್ದಾಣ ಸಿಕ್ಕರೆ 3 ಅಂಕ, ನಮ್ಮದೇ ಖಂಡದ ಬೇರೆ ದೇಶವಾದರೆ 1, ನಮ್ಮದೇ ದೇಶವಾದರೆ ಸೊನ್ನೆ. ಪ್ರತಿ ಬ್ಯಾಂಡಿನಲ್ಲೂ ಹೊಸ ದೇಶ ಸಿಕ್ಕಾಗ ಒಂದು, ಹೊಸ ವಲಯ ಸಿಕ್ಕಾಗ ಒಂದು ಗುಣಕ ಸೇರುತ್ತದೆ. ಕೊನೆಗೆ ಒಟ್ಟು ಅಂಕವನ್ನು ಒಟ್ಟು ಗುಣಕದಿಂದ ಗುಣಿಸಿದರೆ ನಿಮ್ಮ ಸ್ಕೋರು. ಊಹೆಯ ಲೆಕ್ಕವೊಂದನ್ನು ನೋಡಿ: ಒಬ್ಬ 3 ಅಂಕದ 320 ಸಂಪರ್ಕ ಮಾಡಿ 100 ಗುಣಕ ಗಳಿಸಿದರೆ ಅವನ ಸ್ಕೋರು 96,000. ಇನ್ನೊಬ್ಬ 280 ಸಂಪರ್ಕಕ್ಕೇ ನಿಂತರೂ 120 ಗುಣಕ ಕೂಡಿಸಿದರೆ 1,00,800. ವೇಗದಷ್ಟೇ ಹುಡುಕಾಟಕ್ಕೂ ಬೆಲೆಯಿರುವ ಆಟವಿದು.

ಈ ನಿಯಮಗಳನ್ನೇ ನಕಾಶೆಯ ಮೇಲಿಟ್ಟು ನೋಡಿದರೆ ಭೂಗೋಳದ ಕೈವಾಡ ತಿಳಿಯುತ್ತದೆ. ಲೋಕದ ಪಟ್ಟಿಯ ತುದಿಯಲ್ಲಿ ಮತ್ತೆ ಮತ್ತೆ ಕಾಣುವುದು ಕೆನರಿ ದ್ವೀಪಗಳು, ಮೊರಾಕ್ಕೊ, ಕೆರಿಬಿಯನ್‌ನ ಅರೂಬಾದಂಥ ಜಾಗಗಳು. ಕೆನರಿ ದ್ವೀಪಗಳು ಆಫ್ರಿಕ ಖಂಡದ ಲೆಕ್ಕಕ್ಕೆ ಸೇರುವುದರಿಂದ ಅಲ್ಲಿನವನಿಗೆ ಯುರೋಪಿನ ಪ್ರತಿ ನಿಲ್ದಾಣವೂ 3 ಅಂಕ, ಅಮೆರಿಕದ ಪ್ರತಿ ನಿಲ್ದಾಣವೂ 3 ಅಂಕ. ಜೊತೆಗೆ ಆ ಎರಡೂ ದಿಕ್ಕುಗಳಲ್ಲಿ ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ ದಟ್ಟಣೆ, ನಡುವೆ ಸಮುದ್ರ. ನಮ್ಮ ಸ್ಥಿತಿ ಬೇರೆ. ಹ್ಯಾಮ್‌ಗಳು ಹೇರಳವಾಗಿರುವ ಜಪಾನ್ ನಮಗೆ ಅದೇ ಖಂಡ, ಹಾಗಾಗಿ ಒಂದೇ ಅಂಕ. ಅಮೆರಿಕದ ದಾರಿ ಉತ್ತರ ಧ್ರುವದ ಸಮೀಪ ಹಾದುಹೋಗುವುದರಿಂದ ಸಿಗ್ನಲ್ ಸೊರಗುತ್ತದೆ. ಯುರೋಪೊಂದೇ ನಮ್ಮ ನಿಜವಾದ ಗಳಿಕೆಯ ದಿಕ್ಕು. ಇಂಥಲ್ಲಿ ಕೊಲ್ಹಾಪುರದವನು ಅರೂಬಾದವನಿಗಿಂತ ಎಷ್ಟು ಹಿಂದುಳಿದ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ಈ ಮಾತನ್ನು ಕಾಂಟೆಸ್ಟಿನ ಘಟಾನುಘಟಿಗಳೇ ಮೊದಲು ಒಪ್ಪಿಕೊಂಡರು. 1990ರಲ್ಲಿ ಸಿಯಾಟಲ್ ನಗರದಲ್ಲಿ ಗುಡ್‌ವಿಲ್ ಗೇಮ್ಸ್ ನಡೆದಾಗ, ಅದರ ಜೊತೆಗೇ ವರ್ಲ್ಡ್ ರೇಡಿಯೊಸ್ಪೋರ್ಟ್ ಟೀಮ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಏರ್ಪಟ್ಟಿತು. ಶೀತಲ ಸಮರದ ಎರಡು ಬದಿಯ ಆಪರೇಟರುಗಳು ಒಂದೇ ಊರಿನಲ್ಲಿ ಕೂತು ಆಡಿದರು. ಎಲ್ಲರನ್ನೂ ಒಂದೇ ಪ್ರದೇಶಕ್ಕೆ ತಂದು, ಸಮಬಲದ ಸಾಧನ ಕೊಟ್ಟು, ಆಮೇಲೆ ಯಾರು ಮೇಲು ನೋಡೋಣ ಎಂಬುದೇ ಅದರ ತತ್ವ. 2010ರ ಮಾಸ್ಕೊ ಕೂಟದಿಂದೀಚೆಗೆ ಅದು ಇನ್ನೂ ಬಿಗಿಯಾಯಿತು: ಬಯಲಿನಲ್ಲಿ ನಿಲ್ದಾಣ, ಎಲ್ಲರಿಗೂ ಒಂದೇ ಬಗೆಯ ಆಂಟೆನಾ. 2014ರಲ್ಲಿ ಬೋಸ್ಟನ್ ಸುತ್ತಮುತ್ತ 59 ತಂಡಗಳು ತಲಾ 100 ವಾಟ್ ಶಕ್ತಿಯಲ್ಲಿ ಆಡಿದವು. ಪರಿಚಿತರ ಪಕ್ಷಪಾತ ನುಸುಳದಿರಲೆಂದು ಕರೆಸಂಕೇತವನ್ನೂ ಆಟಕ್ಕೆ ತುಸು ಮುಂಚೆಯಷ್ಟೇ ಕೈಗಿಡುತ್ತಾರೆ. ಕೊಲ್ಹಾಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ಜೋಡಿ ಕಟ್ಟುವುದರಲ್ಲೇ ಅರ್ಧ ಕುಸ್ತಿ ಮುಗಿದಿರುತ್ತದೆ. ತೂಕ ಒಗ್ಗದ ಜೋಡಿಯನ್ನು ಅಖಾಡಕ್ಕೆ ಬಿಟ್ಟರೆ ಸೋತವನಿಗೂ ಪಾಠವಿಲ್ಲ, ಗೆದ್ದವನಿಗೂ ಹೆಸರಿಲ್ಲ.

ಒಂದೇ ಚೌಕದ ಮೂರು ಊರು

ಹಾಗಾದರೆ ನಮ್ಮ ಜೋಡಿ ಎಲ್ಲಿದ್ದಾನೆ? ಹ್ಯಾಮ್‌ಗಳು ಭೂಮಿಯನ್ನು ಮೇಡನ್‌ಹೆಡ್ ಎಂಬ ಪದ್ಧತಿಯಲ್ಲಿ ಚೌಕಗಳಾಗಿ ಹಂಚಿಕೊಂಡಿದ್ದಾರೆ. ಪ್ರತಿ ಚೌಕ 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶದಷ್ಟು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಎಂಕೆ76 ಎಂಬ ಒಂದೇ ಚೌಕದಲ್ಲಿವೆ. ಅದೇ ಚೌಕದಲ್ಲಿ ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರ, ಜಮಖಂಡಿ ಇವೆ, ಪೂರ್ವಕ್ಕೆ ವಿಜಯಪುರ ಬಾಗಲಕೋಟೆಗಳೂ ಸೇರುತ್ತವೆ. ರಾಜ್ಯದ ಗಡಿ ಈ ಚೌಕದ ಲೆಕ್ಕಕ್ಕೆ ಬರುವುದಿಲ್ಲ. ಕೊಲ್ಹಾಪುರದಿಂದ ಇಚಲಕರಂಜಿಗೆ ನೇರ ಅಂತರ ಸುಮಾರು 25 ಕಿಲೋಮೀಟರು, ಆ ಎರಡೂ ಊರುಗಳಿಂದ ಗಡಹಿಂಗ್ಲಜಕ್ಕೆ 50ರಿಂದ 55. ಸಾವಿರಾರು ಕಿಲೋಮೀಟರು ದೂರದ ಯುರೋಪಿನ ದೃಷ್ಟಿಗೆ ಇವು ಹೆಚ್ಚುಕಡಿಮೆ ಒಂದೇ ಬಿಂದು. ಮೂರೂ ಊರಿಗೆ ಸೂರ್ಯ ಏಳುವುದು ಒಂದೇ ಹೊತ್ತಿಗೆ, ತಲೆಯ ಮೇಲಿನ ಅಯಾನುಗೋಳ ಒಂದೇ, ಅಂಕದ ನಿಯಮ ಒಂದೇ. ಗಡಹಿಂಗ್ಲಜದವನಿಗೆ ಇಟಲಿ ಕೇಳಿಸಿದ ಹೊತ್ತಿನಲ್ಲಿ ಕೊಲ್ಹಾಪುರದವನಿಗೆ ಕೇಳಿಸದಿದ್ದರೆ ದೋಷ ಆಕಾಶದ್ದಲ್ಲ. ಆಂಟೆನಾದ್ದೋ, ಊರಿನ ವಿದ್ಯುತ್ ಗದ್ದಲದ್ದೋ, ಕಿವಿಯದ್ದೋ ಇರಬೇಕು. ಲಕ್ಷಗಟ್ಟಲೆ ಖರ್ಚು ಮಾಡಿ ಬೋಸ್ಟನ್ನಿನಲ್ಲಿ ನಿರ್ಮಿಸಿದ ಸಮಾನ ಅಖಾಡ ಈ ಮೂರು ಊರಿನವರಿಗೆ ನಕಾಶೆಯೇ ಕೊಟ್ಟಿದೆ.

ಇನ್ನೊಂದು ವಿಶೇಷವೂ ಇದೆ. ಬೇರೆ ಆಟಗಳಲ್ಲಿ ಎದುರಾಳಿಯನ್ನು ತಡೆದರೆ ಲಾಭ. ಇಲ್ಲಿ ತಡೆದವನಿಗೇ ನಷ್ಟ. ಸ್ವಂತ ದೇಶದ ಸಂಪರ್ಕಕ್ಕೆ ಅಂಕ ಸೊನ್ನೆಯಾದರೂ ಗುಣಕಕ್ಕೆ ಅದು ಸಲ್ಲುತ್ತದೆ. ಕೊಲ್ಹಾಪುರದವನು ಗಡಹಿಂಗ್ಲಜದವನನ್ನು ಒಂದು ಬ್ಯಾಂಡಿನಲ್ಲಿ ಹಿಡಿದರೆ ಭಾರತ ಎಂಬ ದೇಶದ ಗುಣಕ ಒಂದು, 22ನೇ ವಲಯದ ಗುಣಕ ಒಂದು, ಹೀಗೆ ಎರಡು ಬರುತ್ತವೆ. ಸ್ಪರ್ಧೆ ನಡೆಯುವ 160, 80, 40, 20, 15, 10 ಮೀಟರ್‌ಗಳ ಆರೂ ಬ್ಯಾಂಡಿನಲ್ಲಿ ಸಿಕ್ಕರೆ ಹನ್ನೆರಡು. ಅಷ್ಟನ್ನು ಯುರೋಪಿನಿಂದ ಗಳಿಸಲು ಒಳ್ಳೆಯ ತಾಸೇ ಬೇಕಾದೀತು. ಇನ್ನು ಲಾಗ್ ತಪಾಸಣೆ. ಸ್ಪರ್ಧೆ ಮುಗಿದ ಐದು ದಿನದೊಳಗೆ ಎಲ್ಲರೂ ತಮ್ಮ ದಾಖಲೆ ಕಳುಹಿಸುತ್ತಾರೆ, ಕಂಪ್ಯೂಟರು ಒಂದನ್ನೊಂದಕ್ಕೆ ತಾಳೆ ನೋಡುತ್ತದೆ. ಕರೆಸಂಕೇತ ತಪ್ಪಾಗಿ ಬರೆದಿದ್ದರೆ ಆ ಸಂಪರ್ಕ ಹೋಗುವುದಲ್ಲದೆ ಮೇಲೆ ದಂಡವೂ ಬೀಳುತ್ತದೆ. ತಾಳೆ ನೋಡುವುದರಿಂದ ನಿಮ್ಮ ಅಂಕ ಆಚೆಯವನು ನಿಮ್ಮನ್ನು ಬರೆದುಕೊಂಡಿದ್ದಾನೆಯೇ ಎಂಬುದರ ಮೇಲೂ ನಿಂತಿದೆ. ಸ್ಪಷ್ಟವಾಗಿ ಕಳುಹಿಸುವವನೇ ಇಲ್ಲಿ ಜಾಣ. ಪೈಪೋಟಿ ಸ್ನೇಹದಿಂದಿರಲಿ ಎಂಬುದು ಈ ಆಟದಲ್ಲಿ ಉಪದೇಶವಾಗಿ ಉಳಿದಿಲ್ಲ, ಅಂಕಗಣಿತದಲ್ಲೇ ಬೆಸೆದುಕೊಂಡಿದೆ.

ಪರವಾನಗಿ ಮತ್ತು ಕಿವಿಯ ತಯಾರಿ

ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಕಾನೂನುಬಾಹಿರ. ಭಾರತದಲ್ಲಿ ಇದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಸರಳ್ ಸಂಚಾರ್ ಜಾಲತಾಣದ ಮೂಲಕ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡು ದರ್ಜೆಗಳಿದ್ದು, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳುಹಿಸುವ, ಸ್ವೀಕರಿಸುವ ಪರೀಕ್ಷೆಯಿದೆ. ಮೋರ್ಸ್ ಕಾಂಟೆಸ್ಟಿನ ಆಸೆಯಿರುವವರು ಜನರಲ್ ದರ್ಜೆಗೇ ಗುರಿಯಿಡುವುದು ಒಳ್ಳೆಯದು. ಕೈಗೆ ಬಂದ ಪರವಾನಗಿಯಲ್ಲಿ ಯಾವ ಬ್ಯಾಂಡು, ಎಷ್ಟು ವಾಟು, ಯಾವ ಪ್ರಸಾರ ವಿಧಾನ ಎಂದು ಬರೆದಿದೆಯೋ ಅದನ್ನು ಓದಿಕೊಂಡೇ ಕೀ ಮುಟ್ಟಬೇಕು. ತರಬೇತಿಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಂಥ ಸಂಸ್ಥೆಗಳನ್ನು ವಿಚಾರಿಸಬಹುದು. ದೇಶಮಟ್ಟದ ಸಂಘ 1948ರಲ್ಲಿ ಹುಟ್ಟಿದ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ.

ಪರೀಕ್ಷೆಯ 8 ಪದಕ್ಕೂ ಸ್ಪರ್ಧೆಯ 25-30 ಪದಕ್ಕೂ ನಡುವಿನ ಕಂದಕ ದೊಡ್ಡದೆನ್ನಿಸುತ್ತದೆ. ಲೆಕ್ಕ ಹಾಕಿದರೆ 8 ಪದದ ವೇಗದಲ್ಲಿ ಒಂದು ಚುಕ್ಕೆಗೆ, ಅಂದರೆ ಡಿಟ್‌ಗೆ 150 ಮಿಲಿಸೆಕೆಂಡ್, 20 ಪದದಲ್ಲಿ 60. ನಿಧಾನದ ವೇಗದಲ್ಲಿ ಡಿಟ್ ಡಾಗಳನ್ನು ಎಣಿಸುವ ಚಟ ಅಂಟಿದರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೇ ಕಾಖ್ ಪದ್ಧತಿ ಒಳ್ಳೆಯದು: ಮೊದಲ ದಿನದಿಂದಲೇ ಅಕ್ಷರಗಳನ್ನು 20 ಪದದ ವೇಗದಲ್ಲಿ ಕೇಳುವುದು, ಎರಡೇ ಅಕ್ಷರದಿಂದ ಆರಂಭಿಸಿ ನೂರಕ್ಕೆ ತೊಂಬತ್ತು ಸರಿಯಾದಾಗ ಮೂರನೆಯದನ್ನು ಸೇರಿಸುವುದು. ಅಕ್ಷರಗಳ ನಡುವಿನ ಬಿಡುವನ್ನು ಬೇಕಾದರೆ ಹಿಗ್ಗಿಸಿಕೊಳ್ಳಬಹುದು. ಎಲ್‌ಸಿಡಬ್ಲ್ಯುಒ ಎಂಬ ಜಾಲತಾಣ ಈ ಪಾಠವನ್ನು ಉಚಿತವಾಗಿ ಕೊಡುತ್ತದೆ, ಸಿಡಬ್ಲ್ಯುಆಪ್ಸ್ ಸಂಘದ ಅಕಾಡೆಮಿ ಆನ್‌ಲೈನ್ ತರಗತಿಗಳನ್ನು ನಡೆಸುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ಕೂತರೆ ಸಾಕು, ಭಾನುವಾರ ಒಮ್ಮೆಗೇ ಮೂರು ತಾಸು ಕೂತು ಫಲವಿಲ್ಲ. ಅಕ್ಷರಗಳು ಕೈವಶವಾದ ಮೇಲೆ ಮೋರ್ಸ್ ರನ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಗದ್ದಲ, ಏರಿಳಿತ, ಒಟ್ಟಿಗೇ ಕರೆಯುವ ನಾಲ್ಕೈದು ನಿಲ್ದಾಣ, ಎಲ್ಲವನ್ನೂ ಅದು ಅನುಕರಿಸುತ್ತದೆ. ಎದುರಾಳಿಯ ಜೊತೆ ಮೊದಲ ಪಂದ್ಯ ನಡೆಯಬೇಕಾದ್ದೂ ಇಲ್ಲೇ: ಒಂದೇ ವೇಗ, ಒಂದೇ ಗದ್ದಲದ ಮಟ್ಟ ಇಟ್ಟುಕೊಂಡು ಇಬ್ಬರೂ ಮೂವತ್ತು ನಿಮಿಷ ಆಡಿ ಸ್ಕೋರು ಹೋಲಿಸಿ. ಆಂಟೆನಾದ ನೆಪ ಹೇಳಲು ಇಬ್ಬರಿಗೂ ದಾರಿಯಿರುವುದಿಲ್ಲ.

ಪೂರ್ತಿ ವೇಗ ಬರುವ ತನಕ ಕಾಯಬೇಕಾಗಿಲ್ಲ. ಸಂದೇಶ ಮೊದಲೇ ಗೊತ್ತಿರುವುದರಿಂದ ನೀವು ನಿಜವಾಗಿ ಹಿಡಿಯಬೇಕಾದ್ದು ಕರೆಸಂಕೇತ ಮಾತ್ರ. ಕರೆಯುತ್ತಿರುವವನ ಸಂಕೇತವನ್ನು ಮೂರು ನಾಲ್ಕು ಸಲ ಕೇಳಿ ಖಚಿತ ಮಾಡಿಕೊಂಡು ಆಮೇಲೆ ಉತ್ತರಿಸಬಹುದು. ಇದಕ್ಕೆ ಹುಡುಕಿ ಹಿಡಿಯುವ ಆಟ ಎನ್ನೋಣ. ಕೈ ಪಳಗಿದ ಮೇಲೆ ಒಂದು ಖಾಲಿ ಜಾಗ ಹಿಡಿದು ನೀವೇ ‘ಸಿಕ್ಯೂ ಟೆಸ್ಟ್’ ಎಂದು ಕರೆಯಿರಿ. 22ನೇ ವಲಯ ಎಲ್ಲರಿಗೂ ಬೇಕಾದ ಗುಣಕವಾದ್ದರಿಂದ ಭಾರತದ ವಿಯು ಸಂಕೇತ ಕೇಳಿದೊಡನೆ ಯುರೋಪಿನವರು ಮುಗಿಬೀಳುತ್ತಾರೆ. ಭೂಗೋಳ ನಮಗೆ ಕೊಟ್ಟಿರುವ ಒಂದು ಅನುಕೂಲವೆಂದರೆ ಇದೇ.

ತಂತಿ, ಗದ್ದಲ, ಹೊತ್ತು

ಸೆಟ್ಟು ಸರಳವಾಗಿರಲಿ. 100 ವಾಟಿನ ಹಳೆಯ ಟ್ರಾನ್ಸೀವರ್, ಮೋರ್ಸ್ ಕಳುಹಿಸಲು ಒಂದು ಪ್ಯಾಡಲ್, ಲಾಗ್ ಬರೆಯಲು ಎನ್1ಎಂಎಂ ತರಹದ ಉಚಿತ ತಂತ್ರಾಂಶ ಇದ್ದರೆ ಪೂರ್ಣ ನಿಲ್ದಾಣವಾಯಿತು. ಕೈಯಾರೆ ಕಟ್ಟುವ ಹಂಬಲವಿದ್ದವರಿಗೆ ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಸರಣಿಯ ಕಿಟ್‌ಗಳಿವೆ. ಮೋರ್ಸ್ ಸಿಗ್ನಲ್ ಧ್ವನಿಗಿಂತ ಬಹಳ ಕಿರಿದಾದ ಜಾಗದಲ್ಲಿ ಅಡಕವಾಗುವುದರಿಂದ ಕಡಿಮೆ ಶಕ್ತಿಯಲ್ಲೂ ದೂರ ಮುಟ್ಟುತ್ತದೆ. ಆಂಟೆನಾಕ್ಕೆ ಅರ್ಧ ತರಂಗದ ಡೈಪೋಲ್ ಸಾಕು: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ಸಿಗುತ್ತದೆ. 7 ಮೆಗಾಹರ್ಟ್ಸ್‌ಗೆ ಸುಮಾರು 20.4, 14ಕ್ಕೆ 10.2, 28ಕ್ಕೆ 5.1 ಮೀಟರು (7, 14, 21, 28 ಮೆಗಾಹರ್ಟ್ಸ್ ಎಂದರೆ ಕ್ರಮವಾಗಿ 40, 20, 15, 10 ಮೀಟರ್ ಬ್ಯಾಂಡುಗಳೇ). 7 ಮೆಗಾಹರ್ಟ್ಸ್‌ನ ತಂತಿ ಅದರ ಮೂರರಷ್ಟಾದ 21ರಲ್ಲೂ ಕೆಲಸ ಮಾಡುತ್ತದೆ, ಒಂದು ತಂತಿಗೆ ಎರಡು ಬ್ಯಾಂಡು. ತಂತಿ ಯಾವ ದಿಕ್ಕಿಗೆ ಅಡ್ಡವಾಗಿದೆಯೋ ಅತ್ತ ಅದರ ಬಲ ಹೆಚ್ಚು. ನಮಗೆ ಯುರೋಪು ವಾಯವ್ಯದಲ್ಲಿದೆ, ಹಾಗಾಗಿ ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆಯಬೇಕು. ಹಾಗೆ ಎಳೆದರೆ ಈಶಾನ್ಯದ ಜಪಾನ್ ತಂತಿಯ ತುದಿಗೆ ಬಂದು ಸೊರಗುತ್ತದೆ. ಆದರೆ 3 ಅಂಕದ ಮುಂದೆ 1 ಅಂಕವನ್ನು ಬಿಟ್ಟುಕೊಡುವುದೇ ಲೆಕ್ಕಾಚಾರ. ವಿದ್ಯುತ್ ತಂತಿಯ ಹತ್ತಿರ ಎಂದೂ ಆಂಟೆನಾ ಎಳೆಯಬೇಡಿ. ಗುಡುಗಿನ ಕಾಲದಲ್ಲಿ ಕೇಬಲ್ ಕಿತ್ತಿಡಿ.

ಮೂರು ಊರುಗಳ ನಡುವೆ ನಿಜವಾದ ವ್ಯತ್ಯಾಸ ಹುಟ್ಟುವುದು ಗದ್ದಲದಲ್ಲಿ. ಕೊಲ್ಹಾಪುರದ ಸುತ್ತ ಶಿರೋಲಿ, ಗೋಕುಲ ಶಿರಗಾಂವ್ ಕೈಗಾರಿಕಾ ಪ್ರದೇಶಗಳ ಎರಕದ ಕಾರ್ಖಾನೆಗಳು, ವೆಲ್ಡಿಂಗ್ ಶೆಡ್ಡುಗಳು. ಇಚಲಕರಂಜಿ ವಿದ್ಯುತ್ ಮಗ್ಗಗಳ ಊರು, ಮೋಟಾರು ಮತ್ತು ವಿದ್ಯುತ್ ಜೋಡಣೆಗಳ ಕಾಡು. ಗಡಹಿಂಗ್ಲಜದ ಹಿರಣ್ಯಕೇಶಿ ತೀರದ ಹಳ್ಳಿಗಳ ತೋಟದ ಮನೆಯಲ್ಲಿ ಅದೇ ರಿಸೀವರ್ ಹೆಚ್ಚು ನಿಶ್ಶಬ್ದವಾಗಿರುವ ಸಾಧ್ಯತೆಯಿದೆ. ಊಹೆಗೆ ಬಿಡದೆ ಅಳೆದುಕೊಳ್ಳಿ. ಮೂವರೂ ಒಂದೇ ಹೊತ್ತಿನಲ್ಲಿ, ಒಂದೇ ಬ್ಯಾಂಡಿನ ಖಾಲಿ ಜಾಗದಲ್ಲಿ ಸಿಗ್ನಲ್ ಬಲ ಅಳೆಯುವ ಎಸ್-ಮೀಟರ್ ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯಲ್ಲಿ ಸೆಟ್ಟು ನಡೆಸಿ ಮತ್ತೆ ನೋಡಿ. ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದನ್ನೇ ಪರೀಕ್ಷಿಸಿ, ಫೆರೈಟ್ ಉಂಗುರ ಹಾಕಿ. ಇಳಿಯದಿದ್ದರೆ ಸ್ವೀಕರಿಸಲು ಮಾತ್ರ ಒಂದು ಚಿಕ್ಕ ಲೂಪ್ ಆಂಟೆನಾ ಮಾಡಿಕೊಂಡು ಗದ್ದಲದ ದಿಕ್ಕಿಗೆ ಕಿವುಡಾಗುವಂತೆ ತಿರುಗಿಸಿ.

ಹೊತ್ತಿನ ಲೆಕ್ಕವೂ ಮೂವರಿಗೆ ಒಂದೇ. ಶನಿವಾರ 5.30ಕ್ಕೆ ಆಟ ಶುರುವಾದಾಗ ಯುರೋಪಿನಲ್ಲಿ ನಡುರಾತ್ರಿಯ ಆಸುಪಾಸು, 40 ಮೀಟರಿನಲ್ಲಿ ಅವರು ಸಿಗುತ್ತಾರೆ. ಬಿಸಿಲೇರಿದಂತೆ 15, 10 ಮೀಟರುಗಳಲ್ಲಿ ಜಪಾನ್ ಮತ್ತು ಪೆಸಿಫಿಕ್. ಮಧ್ಯಾಹ್ನದಿಂದ ಸಂಜೆಯವರೆಗೆ ಅದೇ ಬ್ಯಾಂಡುಗಳಲ್ಲಿ ಯುರೋಪು, ಇದೇ ಸುಗ್ಗಿಯ ಹೊತ್ತು. ಕತ್ತಲಾದ ಮೇಲೆ 20, ಆಮೇಲೆ 40 ಮತ್ತು 80. ಈಗಿನ 25ನೇ ಸೌರಚಕ್ರದ ಉತ್ತುಂಗ 2024ರ ಸುಮಾರಿಗೆ ಬಂದಿತ್ತು. ಮುಂದಿನ ವರ್ಷಗಳಲ್ಲಿ 10 ಮೀಟರ್ ಕ್ರಮೇಣ ಬಡವಾಗಿ ಕೆಳಗಿನ ಬ್ಯಾಂಡುಗಳ ಬೆಲೆ ಏರುತ್ತದೆ. ಹಗಲು ಹೊತ್ತಿನಲ್ಲಿ 7 ಮೆಗಾಹರ್ಟ್ಸ್‌ನ ಅಲೆ ನೆತ್ತಿಯತ್ತ ಹೋಗಿ ಮರಳುವುದರಿಂದ ಗಡಹಿಂಗ್ಲಜ ಮತ್ತು ಕೊಲ್ಹಾಪುರ ಪರಸ್ಪರ ಚೆನ್ನಾಗಿ ಕೇಳುತ್ತವೆ. 14ಕ್ಕಿಂತ ಮೇಲೆ ಆ ಅಲೆ ನೆರೆಯೂರನ್ನು ಹಾರಿ ದಾಟಿಬಿಡುತ್ತದೆ, ನೆಲದ ಮೇಲೆ ತೆವಳಿ ಬಂದ ಕ್ಷೀಣ ಸಿಗ್ನಲ್ಲನ್ನೇ ಹಿಡಿಯಬೇಕು.

ಜೋಡಿಯ ಕರಾರು

ಸ್ನೇಹದ ಪೈಪೋಟಿ ಕರಾರಿಲ್ಲದೆ ಬಾಳುವುದಿಲ್ಲ. ಸ್ಪರ್ಧೆಗೆ ಮುಂಚೆ ನಾಲ್ಕು ಮಾತು ಗೊತ್ತು ಮಾಡಿಕೊಳ್ಳಿ. ಮೊದಲನೆಯದು ವರ್ಗ: ಇಬ್ಬರೂ 100 ವಾಟಿನ ಲೋ ಪವರ್‌ನಲ್ಲೋ, 5 ವಾಟಿನ ಕ್ಯೂಆರ್‌ಪಿಯಲ್ಲೋ ಒಂದೇ ಕಡೆ ಇರಲಿ. ಇಂಟರ್‌ನೆಟ್ ನೆರವು ಪಡೆಯುವ ವರ್ಗವೋ ಪಡೆಯದ ವರ್ಗವೋ ಅದೂ ಒಂದೇ ಆಗಿರಲಿ. ಎರಡನೆಯದು ಅವಧಿ. 48 ತಾಸು ಕೂರುವುದು ಕೆಲಸ, ಮನೆ ಇರುವವರಿಗೆ ಆಗದ ಮಾತು. ಒಂದೇ ಸೆಟ್ಟು, ಯಾವ ನೆರವೂ ಇಲ್ಲ, ಗರಿಷ್ಠ 24 ತಾಸು ಎಂಬ ‘ಕ್ಲಾಸಿಕ್’ ಉಪವರ್ಗ ಇದಕ್ಕೆಂದೇ ಇದೆ. ಪರವಾನಗಿ ಸಿಕ್ಕು ಮೂರು ವರ್ಷ ಮೀರದವರಿಗೆ ‘ರೂಕಿ’ ಇದೆ. ಇನ್ನೂ ಚಿಕ್ಕದು ಬೇಕೆಂದರೆ ಶನಿವಾರ ಸಂಜೆಯ ನಾಲ್ಕು ತಾಸನ್ನಷ್ಟೇ ನಿಮ್ಮಿಬ್ಬರ ಪಂದ್ಯವೆಂದು ಎಣಿಸಿಕೊಳ್ಳಿ. ಮೂರನೆಯದು ಮೌನ: ಆಟ ನಡೆಯುವಾಗ ಫೋನು, ವಾಟ್ಸ್‌ಆ್ಯಪ್ ಮೂಲಕ ಸಂಪರ್ಕ ಬೇಡಿಕೊಳ್ಳುವುದು ನಿಯಮಬಾಹಿರ. ನೆರೆಯವನನ್ನು ಗಾಳಿಯಲ್ಲೇ ಹುಡುಕಿ ಹಿಡಿಯಬೇಕು. ನಾಲ್ಕನೆಯದು ಲಾಗ್: ಮುಗಿದ ಮೇಲೆ ಬೇರೆಯವರ ದಾಖಲೆಯನ್ನೋ ಧ್ವನಿಮುದ್ರಣವನ್ನೋ ನೋಡಿ ತಿದ್ದುವುದಕ್ಕೂ ಅವಕಾಶವಿಲ್ಲ. ಹಾಗಾಗಿ ಇಬ್ಬರೂ ಲಾಗ್ ಕಳುಹಿಸಿಯಾದ ಮೇಲೆಯೇ ಒಬ್ಬರದನ್ನೊಬ್ಬರು ನೋಡಬೇಕು.

ನೋಡುವುದು ಹೇಗೆ? ಒಟ್ಟು ಸ್ಕೋರು ಹೋಲಿಸಿ ನಕ್ಕು ಎದ್ದರೆ ಪಾಠ ಸಿಗುವುದಿಲ್ಲ. ತಾಸುತಾಸಿನ ಸಂಪರ್ಕಗಳನ್ನು ಅಕ್ಕಪಕ್ಕ ಇಡಿ. ಮಧ್ಯಾಹ್ನ ಎರಡರಿಂದ ಮೂರರೊಳಗೆ ಅವನಿಗೆ 15 ಮೀಟರಿನಲ್ಲಿ 40 ಸಿಕ್ಕಿ ನಿಮಗೆ 12 ಸಿಕ್ಕಿದ್ದರೆ ಆಗ ನೀವು ಯಾವ ಬ್ಯಾಂಡಿನಲ್ಲಿದ್ದಿರಿ? ಅವನ ಬಳಿ ಇದ್ದು ನಿಮ್ಮ ಬಳಿ ಇಲ್ಲದ ಗುಣಕ ಯಾವುವು, ಅವು ಯಾವ ತಾಸಿನಲ್ಲಿ ಬಂದವು? ಇನ್ನೊಂದು ಸಾಧನ ರಿವರ್ಸ್ ಬೀಕನ್ ನೆಟ್‌ವರ್ಕ್. ಜಗತ್ತಿನ ನಾನಾ ಕಡೆಯ ರಿಸೀವರುಗಳು ತಮಗೆ ಕೇಳಿಸಿದ ಪ್ರತಿ ‘ಸಿಕ್ಯೂ’ವನ್ನೂ ಅದರ ಬಲವನ್ನೂ ಡೆಸಿಬಲ್‌ನಲ್ಲಿ ದಾಖಲಿಸಿಡುತ್ತವೆ. ಜರ್ಮನಿಯ ಒಂದೇ ರಿಸೀವರಿನಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಬ್ಯಾಂಡಿನಲ್ಲಿ ನಿಮ್ಮಿಬ್ಬರ ಅಂಕಿ ಏನೆಂದು ತೆಗೆದು ನೋಡಿ. ಅವನದು 6 ಡೆಸಿಬಲ್ ಹೆಚ್ಚಿದ್ದರೆ ಅದು ಆಂಟೆನಾದ ಲಾಭ, ನೀವು ಏಣಿ ಹತ್ತಬೇಕು. ಸಮವಿದ್ದೂ ನೀವು ಹಿಂದುಳಿದಿದ್ದರೆ ಗದ್ದಲವನ್ನು ಅಳೆದು ನೋಡಿ. ಅದೂ ಸಮವಿದ್ದರೆ ಕಿವಿಗೆ ಇನ್ನಷ್ಟು ಅಭ್ಯಾಸ ಬೇಕು. ಈ ವಿಂಗಡಣೆ ಅರೂಬಾದವನ ಲಾಗ್ ಇಟ್ಟುಕೊಂಡು ಮಾಡಲಾಗದು, ಪಕ್ಕದೂರಿನವನದ್ದು ಇದ್ದರೆ ಮಾತ್ರ ಸಾಧ್ಯ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಸಹಜವಾದದ್ದು: ಮೋರ್ಸ್ ಸತ್ತುಹೋದ ವಿದ್ಯೆ, ಅದಕ್ಕೆ ಈಗ ಯಾಕೆ ಬೆವರು? ನಿಜ, 2003ರ ವಿಶ್ವ ರೇಡಿಯೊ ಸಮ್ಮೇಳನ ಹವ್ಯಾಸಿಗಳಿಗೆ ಮೋರ್ಸ್ ಪರೀಕ್ಷೆ ಕಡ್ಡಾಯವೆಂಬ ಅಂತಾರಾಷ್ಟ್ರೀಯ ಷರತ್ತನ್ನು ಕೈಬಿಟ್ಟಿತು, 2013ರ ಜುಲೈನಲ್ಲಿ ನಮ್ಮ ತಂತಿ ಸೇವೆಯೂ ನಿಂತಿತು. ಆದರೆ ಕಡ್ಡಾಯ ಹೋದ ಮೇಲೂ ಆಡುವವರು ಉಳಿದರು. ಈಗ ಮೋರ್ಸ್ ಕಲಿಯುವವರು ಹೊಟ್ಟೆಪಾಡಿಗಾಗಿ ಕಲಿಯುತ್ತಿಲ್ಲ, ಆಟಕ್ಕಾಗಿ ಕಲಿಯುತ್ತಾರೆ. ಈಟಿ ಎಸೆತಕ್ಕೆ ಯುದ್ಧದ ಉಪಯೋಗ ಕೇಳುವವರಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಿಗ್ನಲ್ಲನ್ನೂ ಬಿಡಿಸುತ್ತದೆ, ಹಾಗಿರುವಾಗ ಕಿವಿಯನ್ನು ನೆಚ್ಚುವುದೇಕೆ? ದೂರ ಮುಟ್ಟುವುದೊಂದೇ ಗುರಿಯಾದರೆ ಎಫ್‌ಟಿ8 ಮೇಲು ಎಂದು ಒಪ್ಪಲೇಬೇಕು. ಆದರೆ ಅಲ್ಲಿ ಬಿಡಿಸುವವನು ಕಂಪ್ಯೂಟರು. ಇಬ್ಬರು ನೆರೆಯವರು ಒಂದೇ ತಂತ್ರಾಂಶ ಬಳಸಿದರೆ ಹೋಲಿಕೆ ಮತ್ತೆ ಆಂಟೆನಾ ಮತ್ತು ಗದ್ದಲಕ್ಕೆ ಇಳಿಯುತ್ತದೆ. ಆಪರೇಟರನ್ನೇ ಅಳೆಯುವುದು ಉದ್ದೇಶವಾಗಿದ್ದರೆ ಮನುಷ್ಯನ ಕಿವಿ ನಡುವೆ ಇರಲೇಬೇಕು. ಮೋರ್ಸನ್ನೂ ಕಂಪ್ಯೂಟರ್ ಬಿಡಿಸಬಲ್ಲದಲ್ಲ ಎಂದರೆ, ಅದಕ್ಕಾಗಿಯೇ ಕರಾರಿನ ಮೊದಲ ಕಲಮಿನಲ್ಲಿ ವರ್ಗದ ಮಾತು ಬಂದದ್ದು.

ಮೂರನೆಯದು ಸಮಾಜದ ಹೆಸರಿನ ಆಕ್ಷೇಪ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಶಿರೋಲಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು, 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ಇಂಥ ಸೀಮೆಯ ಹ್ಯಾಮ್‌ಗಳು ತುರ್ತು ಸಂಪರ್ಕ ಕಲಿಯುವುದು ಬಿಟ್ಟು ‘5ಎನ್‌ಎನ್ 22’ ಎಂದು ಬಡಿಯುತ್ತ ಕೂರುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕಾಂಟೆಸ್ಟ್ ಆಡಿದವನು ತಾನಾಗಿಯೇ ನೆರೆ ಪರಿಹಾರದ ಆಪರೇಟರಾಗುತ್ತಾನೆ ಎಂಬ ಜಾಹೀರಾತಿನ ಮಾತನ್ನು ಇಲ್ಲಿ ಹೇಳಲಾಗದು. ಔಷಧದ ಪಟ್ಟಿ, ದೋಣಿಯ ಬೇಡಿಕೆ, ಜನರ ಹೆಸರು ತಪ್ಪಿಲ್ಲದೆ ದಾಟಿಸುವುದು ಬೇರೆಯೇ ಶಿಸ್ತು, ಅದಕ್ಕೆ ಬೇರೆಯೇ ತಾಲೀಮು ಬೇಕು. ಆದರೂ ಕೆಲವು ಸಂಗತಿ ಇಲ್ಲಿಂದ ಅಲ್ಲಿಗೆ ಹೋಗುತ್ತವೆ: ಗದ್ದಲದ ನಡುವಿನಿಂದ ಕರೆಸಂಕೇತ ಹೆಕ್ಕುವ ಕಿವಿ, ಅನುಮಾನ ಬಂದರೆ ಮತ್ತೊಮ್ಮೆ ಕೇಳುವ ರೂಢಿ, ಬ್ಯಾಟರಿಯ ಮೇಲೆ ಸೆಟ್ಟು ನಡೆಸಿದ ಅನುಭವ. ಎಲ್ಲಕ್ಕಿಂತ ಮುಖ್ಯವಾಗಿ, ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಯಾವ ಹೊತ್ತಿನಲ್ಲಿ ಯಾವ ಬ್ಯಾಂಡು ತೆರೆದಿರುತ್ತದೆ ಎಂಬ ತಿಳಿವಳಿಕೆ. ದೂರದ ಯುರೋಪನ್ನಷ್ಟೇ ಬೆನ್ನಟ್ಟಿದವನಿಗೆ ಈ ಕೊನೆಯದು ತಿಳಿಯುವುದಿಲ್ಲ. ನೆರೆಯವನನ್ನು ಆರು ಬ್ಯಾಂಡಿನಲ್ಲಿ ಹುಡುಕಿದವನಿಗೆ ತಿಳಿಯುತ್ತದೆ.

ಪೈಪೋಟಿಯಿಂದ ಗೆಳೆತನ ಕೆಡುತ್ತದೆ ಎನ್ನುವವರಿದ್ದಾರೆ. ಕೆಡುವುದುಂಟು, ಮುಖ್ಯವಾಗಿ ಎರಡು ಕಾರಣಕ್ಕೆ. ಒಬ್ಬನ ಸಾಧನ ತೀರ ಮೇಲಾಗಿ ಇನ್ನೊಬ್ಬ ಸದಾ ಸೋಲುತ್ತಿದ್ದರೆ, ಅಥವಾ ಒಬ್ಬ ಕದ್ದು ನೆರವು ಪಡೆದ ಎಂಬ ಶಂಕೆ ಮೂಡಿದರೆ. ಮೊದಲನೆಯದಕ್ಕೆ ಮದ್ದು ಅದಲುಬದಲು: ಕಡಿಮೆ ಮಹತ್ವದ ಒಂದು ಸ್ಪರ್ಧೆಯಲ್ಲಿ ಗಡಹಿಂಗ್ಲಜದವನು ಕೊಲ್ಹಾಪುರಕ್ಕೆ ಬಂದು ಕೂರಲಿ, ಎರಡೂ ಸೆಟ್ಟಿನ ಗುಣದೋಷ ಇಬ್ಬರಿಗೂ ತಿಳಿಯುತ್ತದೆ. ಎರಡನೆಯದಕ್ಕೆ ಮದ್ದು ತೆರೆದ ಲಾಗ್. ಈ ಸ್ಪರ್ಧೆಗೆ ಬಂದ ಲಾಗ್‌ಗಳನ್ನು ಸಂಘಟಕರೇ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಮುಚ್ಚಿಡಲು ಏನೂ ಇಲ್ಲದ ಕಡೆ ಶಂಕೆ ಬೇರೂರುವುದಿಲ್ಲ. ಮನೆಯಲ್ಲಿ ಕನ್ನಡವೋ ಮರಾಠಿಯೋ, ಗಾಳಿಯಲ್ಲಿ ಇಬ್ಬರದ್ದೂ ಅದೇ ಡಿಟ್ ಡಾ.

ಆರಂಭಕ್ಕೆ ನವೆಂಬರಿನ ತನಕ ಕಾಯಬೇಕಿಲ್ಲ. ಸಿಡಬ್ಲ್ಯುಆಪ್ಸ್‌ನವರು ಪ್ರತಿ ಬುಧವಾರ ನಮ್ಮ ಸಂಜೆ 6.30ಕ್ಕೆ ಒಂದು ತಾಸಿನ ಕಿರು ಸ್ಪರ್ಧೆ ನಡೆಸುತ್ತಾರೆ, ಅಲ್ಲಿ ಬದಲಾಯಿಸುವುದು ಹೆಸರು ಮತ್ತು ಸದಸ್ಯ ಸಂಖ್ಯೆ ಅಥವಾ ದೇಶ. ಮೇ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಸಿಕ್ಯೂ ಡಬ್ಲ್ಯುಪಿಎಕ್ಸ್. ಅದರಲ್ಲಿ ಸ್ವದೇಶದ ಸಂಪರ್ಕಕ್ಕೂ 1 ಅಂಕವಿದೆ. ಜೂನ್ ಮೂರನೆಯ ವಾರಾಂತ್ಯದ ಆಲ್ ಏಷ್ಯನ್‌ನಲ್ಲಿ ವರದಿಯ ಜೊತೆ ನಿಮ್ಮ ವಯಸ್ಸು ಹೇಳಬೇಕು. ಹದಿನಾರರ ಹುಡುಗನಿಗೆ ತಾನು ಎಪ್ಪತ್ತರ ಹಿರಿಯನ ಜೊತೆ ಸಮನಾಗಿ ಆಡುತ್ತಿದ್ದೇನೆಂದು ಅಲ್ಲೇ ಗೊತ್ತಾಗುತ್ತದೆ. ಜುಲೈ ಎರಡನೆಯ ಪೂರ್ಣ ವಾರಾಂತ್ಯದಲ್ಲಿ, ಶನಿವಾರ ಸಂಜೆ 5.30ರಿಂದ 24 ತಾಸು, ಐಎಆರ್‌ಯು ಚಾಂಪಿಯನ್‌ಷಿಪ್. ಮಳೆಗಾಲವಾದ್ದರಿಂದ ಸಿಡಿಲಿನ ಎಚ್ಚರ ಬೇಕು. ಈ ಕ್ರಮದಲ್ಲಿ ಹೋದರೆ ನವೆಂಬರಿನ ದೊಡ್ಡ ಆಟ ಬರುವ ಹೊತ್ತಿಗೆ ನಿಮ್ಮ ಬಳಿ ಎದುರಾಳಿಯ ಜೊತೆಗಿನ ನಾಲ್ಕಾರು ಹೋಲಿಕೆಗಳಿರುತ್ತವೆ. ಲೋಕದ ಪಟ್ಟಿಯನ್ನು ಆಗ ನೋಡಿ, ಬೇಡವೆಂದಿಲ್ಲ. ಆದರೆ ಮೊದಲು ಎಂಕೆ76 ಚೌಕದ ಇನ್ನೊಬ್ಬನ ಸಾಲು ಹುಡುಕಿ, ಕಳೆದ ವರ್ಷ ನಿಮ್ಮಿಬ್ಬರ ನಡುವೆ ಇದ್ದ ಅಂತರ ಈ ವರ್ಷ ಎಷ್ಟಾಗಿದೆ ನೋಡಿ. ನೀವು ಮುಂದೆ ಬಂದಿದ್ದೀರೋ ಇಲ್ಲವೋ ಎಂಬುದಕ್ಕೆ ಆ ಒಂದು ಅಂಕಿಯೇ ಪುರಾವೆ.